ಗುರುತು ಬಿಚ್ಚಿದರೂ ನಿಲ್ಲದ ಕೆಲಸ

ಗಂಗಾಂಬಿಕಾ ಏನು ಕೆಲಸ ಮಾಡುತ್ತಾಳೆಂದು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಕೇಳಿದರೆ, "ಕಾಯ್ತಾಳೆ" ಎನ್ನುತ್ತಾರೆ. ದನ ಕಾಯುವವರ ಬಗ್ಗೆ ಹೇಳುವಾಗಲೂ ಆ ಮಾತಿನಲ್ಲಿ ಇಷ್ಟು ತಾತ್ಸಾರ ಇರುವುದಿಲ್ಲ. ಅವಳಿಗೆ ಅದು ಗೊತ್ತು. ಗೊತ್ತಿದ್ದೇ ದಿನಾ ಬೆಳಿಗ್ಗೆ ಅದೇ ಬೀದಿಯಲ್ಲಿ, ಯಾರ ಮುಖವನ್ನೂ ನೋಡದೆ, ಚಳ್ಳಕೆರೆ ಬಸ್ಸಿಗೆ ನಡೆದು ಹೋಗುತ್ತಾಳೆ.

ಮಾತು ಸುಳ್ಳೇನಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ ಮುರುಗೇಂದ್ರಪ್ಪನವರ ಸೀರೆ ಅಂಗಡಿ ಇದೆ. ಅದರ ಮಹಡಿಯ ಮೇಲೆ ಅವರದೇ ಡಿಸೈನ್ ಸೆಂಟರ್. ಸೀರೆಯ ಅಂಚು, ಸೆರಗು ಅಲ್ಲಿ ಸ್ಕ್ಯಾನ್ ಆಗಿ ದೂರದ ಒಂದು ಕಂಪನಿಯ ಸರ್ವರಿಗೆ ಹೋಗುತ್ತವೆ. ಸರ್ವರು ಆ ಚಿತ್ರವನ್ನು ಎಳೆ ಎಳೆಯಾಗಿ ಬಿಡಿಸಿ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಉಳಿಯಬೇಕು ಎಂದು ಮಗ್ಗಕ್ಕೆ ತಿಳಿಯುವ ಫೈಲು ಮಾಡುತ್ತದೆ. ಸಣ್ಣ ಬುಟ್ಟಾ ಆದರೆ ಊಟ ಮುಗಿಸಿ ಬರುವಷ್ಟರಲ್ಲಿ ಸಿದ್ಧ. ಅಗಲದ ರೇಷ್ಮೆ ಅಂಚಾದರೆ ಒಂದು ಹಗಲು, ಒಂದು ರಾತ್ರಿ, ಮತ್ತೂ ಅರ್ಧ ದಿನ.

ಹಾಗಾಗಿ ಚಿತ್ರ ಕಳಿಸಿದ ಕೂಡಲೇ ಬರುವುದು ಫೈಲಲ್ಲ, ಒಂದು ನಂಬರು. ಕೆಲಸ ಒಪ್ಪಿಕೊಂಡಿದ್ದೇನೆ, ಆಮೇಲೆ ಈ ನಂಬರು ಹೇಳಿ ವಿಚಾರಿಸು ಎಂದು ಅದರ ಅರ್ಥ. ಗಂಗಾಂಬಿಕಾಳ ಕಂಪ್ಯೂಟರು ಆಗಾಗ ಆ ನಂಬರು ಹಿಡಿದು "ಆಯಿತಾ?" ಎಂದು ಕೇಳುತ್ತದೆ. ಸರ್ವರು "ಇಲ್ಲ" ಎನ್ನುತ್ತದೆ. ಮತ್ತೆ ಕೇಳುತ್ತದೆ. ಡಿಪ್ಲೊಮಾ ಓದಿದ ಅವಳೇ, ಸರ್ವರನ್ನು ಹೇಗೆ ಮಾತಾಡಿಸಬೇಕೆಂದು ತಿಳಿಸುವ ಕಂಪನಿಯ ಎಪಿಐ ಕೈಪಿಡಿ ಮುಂದಿಟ್ಟುಕೊಂಡು ಆ ಪ್ರೋಗ್ರಾಮು ಬರೆದಿದ್ದಳು. ಪರದೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು. ಸಾಲಿನ ಕೊನೆಗೆ ಎರಡು ಗುಂಡಿ. ಒಂದು "ನಿಲ್ಲಿಸು", ಇನ್ನೊಂದು "ಅಳಿಸು". ತಪ್ಪು ಫೋಟೊ ಹೋದರೆ ಮೊದಲನೆಯದನ್ನು ಒತ್ತುವಳು. ಮುಗಿದ ಕೆಲಸಗಳ ಸಾಲು ಹೆಚ್ಚಾಗಿ ಪರದೆ ತುಂಬಿಕೊಂಡಾಗ ಎರಡನೆಯದನ್ನು ಒತ್ತಿ ಗುಡಿಸಿ ಹಾಕುವಳು. ಓಡುತ್ತಿರುವ ಕೆಲಸದ ಮೇಲೆ "ಅಳಿಸು" ಒತ್ತುವ ಪ್ರಸಂಗ ಬಂದೇ ಇರಲಿಲ್ಲ.

ಬೀದಿಯವರ ತಾತ್ಸಾರಕ್ಕೆ ಮೂಲ ಅವಳ ಅಣ್ಣ ಎರ್ರಿಸ್ವಾಮಿ. ಅವನದು ಗುಂಡಿಮಗ್ಗ, ಗಂಡ ಹೆಂಡತಿ ಇಬ್ಬರೂ ಕೂತು, ಅಂಚುಗಳಿಗೆ ಎರಡು, ಒಡಲಿಗೆ ಒಂದು ಎಂದು ಮೂರು ಲಾಳಿಯ ಸೀರೆ ನೇಯುತ್ತಾರೆ. ಅವ್ವ ಯರ್ರಮ್ಮ ತೀರಿಕೊಂಡ ಮೇಲೆ ಮನೆಯ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ತಂಗಿ ಮುರುಗೇಂದ್ರಪ್ಪನವರಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಅಣ್ಣ ಅವಳೊಂದಿಗೆ ನೇರವಾಗಿ ಮಾತಾಡಿಲ್ಲ. ಅವಳಿಗೆ ಕೇಳುವಂತೆ ಬೇರೆಯವರೊಂದಿಗೆ ಆಡುತ್ತಾನೆ. "ನಮ್ಮ ಕೈ ಕಡಿಯೋ ಮಿಷನ್ನಿಗೆ ನಮ್ಮನೇದೇ ಹುಡುಗಿ ಕಾವಲು ನೋಡ್ರಿ." ಅವಳೂ ಬಿಡುವವಳಲ್ಲ. ಅವನು ಮಗ್ಗದ ಹಾಸುನೂಲು ಬಿಗಿಯುವ ಅಂಗಳದ ಕಡೆಗೇ ಪಾತ್ರೆ ತೊಳೆದ ನೀರು ಚೆಲ್ಲುವಳು. ಅತ್ತಿಗೆ ಕೆಮ್ಮಿದರೆ ರೇಡಿಯೊ ಜೋರು ಮಾಡುವಳು.

ಆ ಸೋಮವಾರ ಅವಳು ಎರಡು ದಿನದ ರಜೆ ಮುಗಿಸಿ ಬಂದಿದ್ದಳು. ಪರದೆಯ ಮೇಲೆ ತಾನು ಹಾಕದ ಒಂದು ಸಾಲು ಓಡುತ್ತಿತ್ತು. ಚಿತ್ರ ತೆರೆದಳು. ಒಂದರ ಬಾಲ ಒಂದು ಕಚ್ಚಿದ ಗಿಳಿಗಳು, ಗಿಳಿ ಗಿಳಿಯ ನಡುವೆ ಜಾಲಿ ಹೂವು. ಅವ್ವ ಚೌಕುಳಿ ಹಾಳೆಯ ಮೇಲೆ ಒಂದು ಮಳೆಗಾಲವೆಲ್ಲ ಕೂತು ಬರೆದ ಅಂಚು. ಅದನ್ನು ನೇಯುವುದು ಎರ್ರಿಸ್ವಾಮಿಯ ಮನೆ, ಪಕ್ಕದ ಇನ್ನೆರಡು ಮನೆ, ಅಷ್ಟೇ. ಕೊಳ್ಳುವುದು ಮುರುಗೇಂದ್ರಪ್ಪನವರ ಅಂಗಡಿ. ಮದುವೆ ಕಾಲದಲ್ಲಿ ಆ ಮೂರು ಮನೆಯ ಅನ್ನ ಅದೊಂದೇ ಅಂಚು.

ಕಿಟಕಿಯ ಬಳಿ ಕೂತು ಮೊಬೈಲು ನೋಡುತ್ತಿದ್ದವನು ಮುರುಗೇಂದ್ರಪ್ಪನವರ ಮಗ ಪ್ರದೀಪ್.

"ಇದನ್ನ ಯಾರು ಹಾಕಿದ್ದು?"

"ನಾನೇ ಗಂಗಕ್ಕ, ಈಗಷ್ಟೇ. ಯಾಕೆ, ಕುಂಕುಮ ಹಚ್ಚಿ ಹಾಕ್ಬೇಕಿತ್ತಾ?"

"ಫೈಲು ಎಲ್ಲಿಗೆ ಹೋಗ್ತೈತೆ?"

"ಗಡಿ ಆಚೆ ನಮ್ಮ ಪವರ್‌ಲೂಮ್ ಐತಲ್ಲ, ಅಲ್ಲಿಗೆ. ಮುಗಿದ ತಕ್ಷಣ ಸರ್ವರೇ ನೆಟ್ಟಗೆ ಅವರ ಖಾತೆಗೆ ಹಾಕ್ತೈತೆ. ಇದೊಂದನ್ನ ನೀನು ಕಾಯೋದೂ ಬ್ಯಾಡ."

ಅವಳು ಮೆಟ್ಟಿಲಿಳಿದು ಅಂಗಡಿಗೆ ಹೋದಳು. ಮುರುಗೇಂದ್ರಪ್ಪನವರ ಮುಂದೆ ಹಿರಿಯೂರು ಕಡೆಯ ಗಿರಾಕಿಗಳು ಕೂತಿದ್ದರು.

"ಸಾವ್ಕಾರ್ರೇ, ಮೇಲೆ ಓಡ್ತಿರೋದು ನಮ್ಮವ್ವ ಬರೆದ ಅಂಚು."

"ಸೀರೆ ನಮ್ದಲ್ವೇನವ್ವ? ಕಾಸು ಕೊಟ್ಟು ತಗೊಂಡಿದ್ದು. ಅಂಚು ನಿಮ್ಮ ಹತ್ರ ಬಿಟ್ಟು ಬರೀ ಒಡಲು ತಂದಿದ್ವಾ?"

ಗಿರಾಕಿಗಳಲ್ಲೊಬ್ಬಳು ನಕ್ಕಳು. ಮುರುಗೇಂದ್ರಪ್ಪ ಮಡಿಸುತ್ತಿದ್ದ ಸೀರೆಯಿಂದ ಕಣ್ಣೆತ್ತದೆ ಮುಂದುವರಿಸಿದರು: "ನಿಮ್ಮಣ್ಣ ನಿನ್ನ ಕಂಡ್ರೆ ಉಗೀತಾನಂತೆ. ಅವನ ವಕಾಲತ್ತಿಗೆ ನೀನು ಬಂದಿದೀಯ. ಹೋಗು, ಮೇಲೆ ಕೆಲಸ ನೋಡು."

ಮೇಲೆ ಪ್ರದೀಪ್ ಟೀ ಕುಡಿಯಲು ಹೊರಗೆ ಹೋಗಿದ್ದ. ಗಂಗಾಂಬಿಕಾ ಸಾಲಿನ ಮುಂದೆ ಕೂತಳು. "ನಿಲ್ಲಿಸು" ಒತ್ತಿದರೆ ಸಾಲು ಅಲ್ಲೇ ಉಳಿಯುತ್ತದೆ, "ನಿಲ್ಲಿಸಲಾಗಿದೆ" ಎಂದು ಕೆಂಪಗೆ ತೋರಿಸುತ್ತದೆ. ಪ್ರದೀಪ್ ಬಂದವನೇ ಮತ್ತೆ ಹಾಕುತ್ತಾನೆ. "ಅಳಿಸು" ಒತ್ತಿದರೆ ಸಾಲೇ ಇರುವುದಿಲ್ಲ. ಮುಗಿದು ಹೋಯಿತೆಂದುಕೊಂಡು ಅವನು ಪವರ್‌ಲೂಮಿನವರ ಮೇಲೆ ಹಾರಾಡುತ್ತಾನೆ, ಫೈಲೇ ಬಂದಿಲ್ಲವೆಂದು ಅವರು ಇವನ ಮೇಲೆ. ಹೀಗೆ ಲೆಕ್ಕ ಹಾಕಿದಳು.

ಲೆಕ್ಕದ ಕೆಳಗೆ ಇನ್ನೊಂದು ನಂಬಿಕೆ ಇತ್ತು, ಅದನ್ನು ಅವಳು ಯೋಚಿಸಲೂ ಇಲ್ಲ. ಅವಳು ಹುಟ್ಟಿದ ಬೀದಿಯಲ್ಲಿ ಸಾವ್ಕಾರರು ಹಾಸು ಕೊಟ್ಟಾಗ ತಮ್ಮ ಗುರುತಿನ ಬಟ್ಟೆಯ ಚೂರೊಂದನ್ನು ಮಗ್ಗದ ಕಂಬಕ್ಕೆ ಕಟ್ಟಿ ಹೋಗುತ್ತಾರೆ. ಜಗಳವಾಗಿ ಆ ಬಟ್ಟೆ ಬಿಚ್ಚಿಕೊಂಡು ಹೋದರೆ, ಸೀರೆ ಗೇಣುದ್ದ ಉಳಿದಿದ್ದರೂ ನೇಕಾರ ಲಾಳಿ ಕೆಳಗಿಡುತ್ತಾನೆ. ಗುರುತಿಲ್ಲದ ಹಾಸನ್ನು ಯಾರೂ ಮುಟ್ಟುವುದಿಲ್ಲ. ಯಾರದೆಂದು ಗೊತ್ತಿಲ್ಲದ ಕೆಲಸವನ್ನು ಯಾರಾದರೂ ಮಾಡುತ್ತಲೇ ಇರುತ್ತಾರೆ ಎನ್ನುವುದು ಆ ಬೀದಿಯ ತಲೆಗೆ ಹೊಳೆಯುವ ವಿಷಯವಲ್ಲ.

"ಅಳಿಸು" ಒತ್ತಿದಳು. ಸಾಲು ಹೋಯಿತು. ನಂಬರು ಹೇಳಿ ಸರ್ವರನ್ನು ಕೇಳಿದಳು. ಅಂಥ ಕೆಲಸ ಯಾವುದೂ ಇಲ್ಲ ಎಂದು ಉತ್ತರ ಬಂತು. ಅವಳಿಗೆ ಸಮಾಧಾನವಾಯಿತು.

ಸಂಜೆ ಬಸ್ಸಿಳಿದು ಬಂದಾಗ ಸುದ್ದಿ ಅವಳಿಗಿಂತ ಮುಂಚೆ ಊರು ಸೇರಿತ್ತು. ಅಂಗಡಿಯಲ್ಲಿ ಗಂಟು ಹೊರುವ ಯಾರೋ ಫೋನು ಮಾಡಿದ್ದರು. ಮೂರೂ ಮನೆಯವರು ಎರ್ರಿಸ್ವಾಮಿಯ ಜಗಲಿಯಲ್ಲಿ ಸೇರಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋಗುವುದು, ಆ ಅಂಚು ಪವರ್‌ಲೂಮಿಗೆ ಹೋದರೆ ಈ ಮದುವೆ ಕಾಲಕ್ಕೆ ಒಂದು ಸೀರೆಯನ್ನೂ ನೇಯುವುದಿಲ್ಲ ಎಂದು ಮುರುಗೇಂದ್ರಪ್ಪನವರ ಮುಖದ ಮೇಲೆ ಹೇಳುವುದು ಎಂದು ಗೊತ್ತಾಗಿತ್ತು. ಮುಂಗಡ ಕೊಟ್ಟ ಗಿರಾಕಿಗಳಿಗೆ ಸಾವ್ಕಾರರು ಹೆದರಲೇಬೇಕು. ಆದರೆ ಫೈಲು ಕೈ ಸೇರುವ ಮೊದಲು ಹೋಗಬೇಕು. ಸೇರಿದ ಮೇಲೆ ಇವರ ಮುನಿಸಿಗೆ ಬೆಲೆಯಿಲ್ಲ.

"ಬಂದ್ಳು ನೋಡ್ರಿ ಕಾವಲುಗಾತಿ" ಎಂದ ಎರ್ರಿಸ್ವಾಮಿ, ಪಕ್ಕದ ಮನೆಯ ಮುದುಕ ತಿಪ್ಪಯ್ಯನ ಕಡೆ ನೋಡುತ್ತ. "ಅವ್ವನ್ನ ಮಾರಿ ಬಂದ್ಳು."

"ಮಾರೋಕೆ ನೀನೇನು ಉಳಿಸಿದ್ದಿ?" ಎಂದಳು ಗಂಗಾಂಬಿಕಾ. "ಯಾರೂ ಎಲ್ಲಿಗೂ ಹೋಗೋದು ಬ್ಯಾಡ. ಅದು ನಿಂತೈತೆ. ನಾನೇ ತೆಗೆದೆ."

"ಕಣ್ಣಾರೆ ಕಂಡಿದೀಯೇನಮ್ಮಾ?" ತಿಪ್ಪಯ್ಯ ಕೇಳಿದ.

"ನಂಬರು ಹೇಳಿ ಕೇಳಿದೆ ತಾತ. ಅಂಥದ್ದೇ ಇಲ್ಲ ಅಂತೈತೆ."

ಎರ್ರಿಸ್ವಾಮಿ ಈಗಲೂ ತಿಪ್ಪಯ್ಯನಿಗೇ ಹೇಳಿದ: "ಗೌರಸಮುದ್ರದ ಮಾರಮ್ಮನ ಮೇಲೆ ಆಣೆ ಇಡು ಅನ್ರಿ."

ಅವಳು ಆಣೆ ಇಟ್ಟಳು. ನಂಬಿಯೇ ಇಟ್ಟಳು.

ಅಣ್ಣ ಎದ್ದು ಒಳಗೆ ಹೋಗುವಾಗ ಬಾಗಿಲಲ್ಲಿ ತಿರುಗಿದ. "ಆಯ್ತು ಗಂಗಿ" ಎಂದ. ಗೋಡೆ ಎದ್ದ ಮೇಲೆ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಒಂದು ಹೊಸ ಸೆರಗು ಕಳಿಸಿದಳು. ಸರ್ವರು ಒಪ್ಪಲಿಲ್ಲ, ಜಾಗ ಭರ್ತಿ ಎಂದಿತು. ಅವರ ಖಾತೆಗೆ ಒಮ್ಮೆಗೆ ಐದು ಕೆಲಸ ಓಡಿಸಲು ಅನುಮತಿ. ಪರದೆಯ ಮೇಲೆ ಓಡುತ್ತಿದ್ದವು ನಾಲ್ಕೇ ಸಾಲು.

ಅವಳು ಆ ನಾಲ್ಕನ್ನು ಮತ್ತೊಮ್ಮೆ ಎಣಿಸಿದಳು. ಆಮೇಲೆ ಕೈಪಿಡಿ ತೆಗೆದಳು. "ಅಳಿಸು" ಬಗ್ಗೆ ಇದ್ದದ್ದು ಸಣ್ಣ ಟಿಪ್ಪಣಿ. ಅಳಿಸುವುದೆಂದರೆ ಆ ಕೆಲಸದ ಸುದ್ದಿ ನಮಗೆ ಇನ್ನು ಬೇಡ ಎಂದು ತಿಳಿಸುವುದು ಮಾತ್ರ. ಕೆಲಸ ಅದರಿಂದ ನಿಲ್ಲುವುದಿಲ್ಲ. ಪ್ರೋಗ್ರಾಮು ಬರೆಯುವಾಗ ಆ ಪುಟ ದಾಟಿಯೇ ಹೋಗಿದ್ದಳು.

ಹಳೆಯ ನಂಬರು ಹುಡುಕಿ "ನಿಲ್ಲಿಸು" ಎಂದು ಕಳಿಸಿದಳು. ಅಂಥ ಕೆಲಸ ಯಾವುದೂ ಇಲ್ಲ ಎಂದಿತು ಸರ್ವರು. ನಿನ್ನೆ ಸಮಾಧಾನ ಕೊಟ್ಟ ಉತ್ತರವೇ. ಓಡುವ ಕೆಲಸ ಓಡುತ್ತಿತ್ತು. ಅದನ್ನು ಹಿಡಿಯಲು ಇದ್ದ ಒಂದೇ ಹಿಡಿಯನ್ನು ಅವಳೇ ಕಿತ್ತು ಹಾಕಿದ್ದಳು.

ಇನ್ನೂ ಹೊತ್ತಿತ್ತು. ಅಷ್ಟು ಅಗಲದ ಅಂಚು ಸಂಜೆಯ ಮೊದಲು ಮುಗಿಯುವುದಿಲ್ಲ. ಎರ್ರಿಸ್ವಾಮಿಗೆ ಫೋನು ಮಾಡಿದರೆ ಮೂರು ಮನೆಯವರೂ ಬಸ್ಸು ಹತ್ತಿ, ನಡುವಿನ ತಳಕು ಊರು ದಾಟಿ, ಊಟದ ಹೊತ್ತಿಗೆಲ್ಲ ಅಂಗಡಿಯ ಮುಂದೆ ಇರುತ್ತಿದ್ದರು. ಗದ್ದಲವಾದರೆ ಮುರುಗೇಂದ್ರಪ್ಪ ಮಗನನ್ನು ಬೈದು ಕಂಪನಿಗೆ ಫೋನು ಮಾಡಿಸಿಯಾರು. ಖಾತೆ ಅವರ ಹೆಸರಿನದು, ಅವರು ಹೇಳಿದರೆ ಕಂಪನಿಯವರೇ ಕೆಲಸ ನಿಲ್ಲಿಸಿಯಾರು. ಅವಳು ಮೊಬೈಲು ತೆಗೆದು ಅಣ್ಣನ ನಂಬರು ಮುಂದಿಟ್ಟುಕೊಂಡಳು. ಅವನು ಏನೆನ್ನುತ್ತಾನೆಂದು ಗೊತ್ತಿತ್ತು. ಯಾವ ದನಿಯಲ್ಲಿ ಅನ್ನುತ್ತಾನೆಂಬುದೂ ಗೊತ್ತಿತ್ತು. "ನನಗೆ ಮೊದಲೇ ಗೊತ್ತಿತ್ತು" ಎಂದು ತಿಪ್ಪಯ್ಯನಿಗೆ, ಹೆಂಡತಿಗೆ, ಬೀದಿಗೆ ಹೇಳುತ್ತಾನೆ, ಅವಳಿಗಲ್ಲ.

ಮೊಬೈಲು ಮೇಜಿನ ಮೇಲೆ ಬೋರಲು ಹಾಕಿದಳು. ಪ್ರದೀಪ್ ಒಳಗೆ ಬಂದು, "ಏನಕ್ಕ, ಮುಖ ಎಣ್ಣೆ ಹಿಂಡಿದ ಹಿಂಡಿ ಆಗೈತೆ?" ಎಂದ. "ನಿನ್ನ ಕೆಲಸ ನೋಡಪ್ಪ" ಎಂದಳು. ಹೊಸ ಸೆರಗನ್ನು ಮತ್ತೆ ಕಳಿಸಿದಳು. ಜಾಗ ಭರ್ತಿ. ಸ್ವಲ್ಪ ಬಿಟ್ಟು ಮತ್ತೆ ಕಳಿಸಿದಳು. ಹಾಗೇ ಮಧ್ಯಾಹ್ನವೆಲ್ಲ ಕಳೆಯಿತು. ಬಿಸಿಲು ಕಿಟಕಿ ದಾಟಿ ಗೋಡೆ ಹತ್ತುವ ಹೊತ್ತಿಗೆ ಸರ್ವರು ಸೆರಗನ್ನು ಒಪ್ಪಿಕೊಂಡು ನಂಬರು ಕೊಟ್ಟಿತು. ಪರದೆಯ ನಾಲ್ಕು ಸಾಲೂ ಇನ್ನೂ ಓಡುತ್ತಿದ್ದವು, ಆದರೂ ಒಂದು ಜಾಗ ಖಾಲಿಯಾಗಿತ್ತು. ಅವ್ವನ ಅಂಚು ಮುಗಿದು ಹೋದದ್ದು ಅವಳಿಗೆ ಗೊತ್ತಾದದ್ದು ಹೀಗೆ.

ಆ ಸಂಜೆ ಅತ್ತಿಗೆ ಗೋಡೆಯ ಮೇಲಿಂದ ಒಂದು ಬಟ್ಟಲು ಚಾಚಿದಳು. ಹುರಳಿ ಸಾರು. "ನಿಮ್ಮಣ್ಣ ಕೊಡು ಅಂದ್ರು." ಗಂಗಾಂಬಿಕಾ ತಗೊಂಡಳು. ಉಂಡಳು. ಬಟ್ಟಲು ತೊಳೆದು ವಾಪಸ್ಸು ಕೊಟ್ಟಳು. ಪಾತ್ರೆ ನೀರು ಅಂಗಳಕ್ಕೆ ಚೆಲ್ಲುವುದನ್ನು ನಿಲ್ಲಿಸಿದಳು. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಮದುವೆ ಕಾಲ ಶುರುವಾಗುವ ಮುಂಚೆ ತಿಪ್ಪಯ್ಯ ಕಣ್ಣು ತೋರಿಸಲು ಚಳ್ಳಕೆರೆಗೆ ಹೋದವನು ಅಂಗಡಿಯ ಗಾಜಿನಾಚೆ ಗಿಳಿ ಸಾಲು ಕಂಡ. ಹಸಿರು, ನೇರಳೆ, ಅರಿಶಿನ, ಹತ್ತಾರು ಸೀರೆ. ಒಳಗೆ ಹೋಗಿ ಮುಟ್ಟಿ ನೋಡಿದ, ಒಡಲಿನ ನೂಲು ರೇಷ್ಮೆಯದಲ್ಲ, ಅಂಚು ಮಾತ್ರ ಒಂದೆಳೆ ತಪ್ಪದೆ ಯರ್ರಮ್ಮನದು. ಮರುದಿನ ಎರ್ರಿಸ್ವಾಮಿ ಜೀವನದಲ್ಲಿ ಮೊದಲ ಸಲ ಆ ಡಿಸೈನ್ ಸೆಂಟರಿನ ಮೆಟ್ಟಿಲು ಹತ್ತಿ ಬಂದ. ಚಪ್ಪಲಿ ಹೊರಗೆ ಬಿಡಲಿಲ್ಲ.

"ಬನ್ರಿ ಬನ್ರಿ" ಎಂದ ಪ್ರದೀಪ್. "ಸೀರೆ ಬೇಕಿತ್ತಾ? ನಿಮಗಾದ್ರೆ ಕಡಿಮೆ ಮಾಡಿ ಕೊಡೋಣ."

ಎರ್ರಿಸ್ವಾಮಿ ಅವನ ಕಡೆ ತಿರುಗಲಿಲ್ಲ. ತಂಗಿಯನ್ನು ನೇರವಾಗಿ ನೋಡಿದ.

"ನಿಂತೈತೆ ಅಂದಿದ್ದಿ."

"ನಿಂತೈತೆ ಅಂದ್ಕೊಂಡಿದ್ದೆ."

"ನಿಂತಿಲ್ಲ ಅಂತ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ತಿಪ್ಪಯ್ಯ ಹೇಳಿದ ಮೇಲೆ ಗೊತ್ತಾಯಿತು ಎಂದಿದ್ದರೆ ಅದನ್ನು ತಪ್ಪೆಂದು ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ.

"ಮರುದಿನ ಬೆಳಿಗ್ಗೆ."

"ಆವಾಗ ಮುಗಿದಿತ್ತಾ?"

"ಇಲ್ಲ. ಸಂಜೆ ಮುಗೀತು."

"ಬಸ್ಸಿತ್ತು."

"ಇತ್ತು."

"ನಿನ್ನ ಹತ್ರ ಫೋನಿತ್ತು."

"ಇತ್ತು."

ಎರ್ರಿಸ್ವಾಮಿ ಪರದೆಯ ಕಡೆ ಒಮ್ಮೆ ನೋಡಿದ. ಸಾಲುಗಳು ಓಡುತ್ತಿದ್ದವು. "ಇದು, ಆಯ್ತಾ ಅಂತ ಕೇಳಿದಾಗ್ಲಾದ್ರೂ ಇಲ್ಲ ಅಂತ ಹೇಳ್ತೈತಂತಲ್ಲೇ" ಎಂದ. "ನೀನು ಅದ್ಕಿಂತ ಕಡೆ."

ಅವನು ಇಳಿದು ಹೋದ ಮೇಲೆ ಪ್ರದೀಪ್ ಬಹಳ ಹೊತ್ತು ನಗುತ್ತಿದ್ದ. ಮುರುಗೇಂದ್ರಪ್ಪನವರಿಗೆ ಸಂಗತಿ ತಿಳಿಯಿತು. ಗಂಗಾಂಬಿಕಾಳನ್ನು ತೆಗೆದು ಹಾಕಲಿಲ್ಲ. "ಇನ್ನೊಬ್ಬಳನ್ನ ಎಲ್ಲಿ ಹುಡುಕ್ಲಿ? ಅವಳ ಕೈಯಿಂದ ನಮಗೇನೂ ಕೆಟ್ಟಿಲ್ಲವಲ್ಲ" ಎಂದರು, ಅವಳ ಎದುರಿಗೇ.

ಅವಳು ಪ್ರೋಗ್ರಾಮು ತಿದ್ದಿದಳು. ಈಗ ಓಡುತ್ತಿರುವ ಸಾಲಿನ ಮುಂದೆ "ಅಳಿಸು" ಗುಂಡಿ ಕಾಣುವುದಿಲ್ಲ. "ನಿಲ್ಲಿಸು" ಒತ್ತಿದರೂ, ನಿಂತಿದ್ದೇನೆ ಎಂದು ಸರ್ವರು ತನ್ನ ಬಾಯಿಂದ ಹೇಳುವವರೆಗೆ ಕೇಳುತ್ತಲೇ ಇರುತ್ತದೆ.

ಎರ್ರಿಸ್ವಾಮಿ ಗಿಳಿಯ ಅಂಚು ಬಿಟ್ಟ. ಬೇರೆ ಅಂಚು ಹಾಕಿದ್ದಾನೆಂದು ಬೀದಿ ಹೇಳುತ್ತದೆ. ಅದು ಹೇಗಿದೆಯೆಂದು ಅವಳ ಮುಂದೆ ಯಾರೂ ಹೇಳುವುದಿಲ್ಲ. ಮಗ್ಗದ ಕೋಣೆಯ ಕಿಟಕಿಗೆ ಗೋಣಿತಟ್ಟು ಹೊಡೆದಿದ್ದಾರೆ. ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಆ ತಟ್ಟಿನ ಹಿಂದಿನಿಂದ ಲಾಳಿಯ ಸದ್ದು ಕೇಳುತ್ತಿರುತ್ತದೆ. ಅವಳ ಬಾಗಿಲ ಚಿಲಕ ಬಿದ್ದ ಕೂಡಲೇ ನಿಲ್ಲುತ್ತದೆ. ಅವಳು ಕಿಟಕಿ ದಾಟಿ, ತಿಪ್ಪಯ್ಯನ ಜಗಲಿ ದಾಟಿ, ಮೂಲೆ ತಿರುಗುತ್ತಾಳೆ. ಬೇಕೆಂದೇ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಲಾಳಿ ಶುರುವಾಗುವುದಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತದೆ, ಅವಳು ಹೆಜ್ಜೆ ಹಾಕುತ್ತಾಳೆ, ಆಗ ಬೆನ್ನ ಹಿಂದೆ ಶುರುವಾಗುತ್ತದೆ.