ಗೋಡೆಯಾಚೆಯ ಶ್ರುತಿ

ಎಂಬತ್ತರ ದಶಕದ ನಡುವೆ ನಾನು ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ನಮಗೆ ಬಾಡಿಗೆಗೆ ಸಿಕ್ಕಿದ್ದು ಜೋಡಿಮನೆಯ ಒಂದು ಭಾಗ. ಇನ್ನೊಂದು ಭಾಗದಲ್ಲಿ ಒಬ್ಬ ದರ್ಜಿ, ಅವನ ಹೆಂಡತಿ, ಹಾಸಿಗೆ ಹಿಡಿದ ಅವನ ತಾಯಿ ಇದ್ದರು. ಹಿಂದಿನ ಕೋಣೆಯಲ್ಲಿ ಎರಡೂ ಮನೆಗೆ ಒಂದೇ ಗೋಡೆ. ಅದೂ ಹೆಂಚಿನವರೆಗೆ ಮುಟ್ಟಿರಲಿಲ್ಲ. ಅವರ ಒಗ್ಗರಣೆ ವಾಸನೆ ನಮಗೆ ಬರುತ್ತಿತ್ತು, ನಮ್ಮದು ಅವರಿಗೆ.

ನನಗೆ ಹಾಡುವ ಕಂಠವಿರಲಿಲ್ಲ, ಸದ್ದಿನ ಹುಚ್ಚು ಮಾತ್ರ ಚಿಕ್ಕಂದಿನಿಂದ ಇತ್ತು. ಅದು ಗೊತ್ತಿದ್ದ ಸಾಗರದ ಒಬ್ಬ ಕಾಲೇಜು ಮೇಷ್ಟ್ರು, ಹವ್ಯಾಸಿ ನಾಟಕ ಆಡಿಸುವವರು, ಒಂದು ದಿನ ಮನೆಗೆ ಬಂದರು.

"ನಮ್ಮ ನಾಟಕದಲ್ಲಿ ಒಂದು ಕೆರೆ ಮಾತಾಡ್ಬೇಕು ಮೇಡಂ. ಹಾರ್ಮೋನಿಯಂ ಗೀರ್ಮೋನಿಯಂ ಬೇಡ. ಯಂತ್ರದಲ್ಲೇ ಏನಾದ್ರೂ ಮಾಡಿಕೊಡ್ತೀರಾ?"

ಒಪ್ಪಿಕೊಂಡೆ. ಹಿಂದಿನ ಕೋಣೆ ಖಾಲಿ ಮಾಡಿ ಸಾಮಾನು ಕೂಡಿಸತೊಡಗಿದೆ. ಮದುವೆಗೆ ಉಡುಗೊರೆ ಬಂದ ಕ್ಯಾಸೆಟ್ ರೆಕಾರ್ಡರ್ ಇತ್ತು. ಕೊಲ್ಲಿಯಲ್ಲಿದ್ದ ನನ್ನ ದೊಡ್ಡಮ್ಮನ ಮಗ ಒಂದು ಪುಟ್ಟ ಕೀಬೋರ್ಡ್ ತಂದುಕೊಟ್ಟಿದ್ದ. ಟಿ.ವಿ.ಗೆ ಸಿಕ್ಕಿಸುವ ಸಣ್ಣ ಕಂಪ್ಯೂಟರ್ ಬಂದಿದೆ, ಸ್ವರ ಹುಟ್ಟಿಸುವ ಪ್ರೋಗ್ರಾಮು ಕ್ಯಾಸೆಟ್ಟಿನಲ್ಲೇ ಸಿಗುತ್ತದೆ, ಅದನ್ನೇ ತರಿಸಿಕೊಡಲಾ ಎಂದೂ ಅವನು ಕೇಳಿದ್ದ. ನಮ್ಮಲ್ಲಿ ಟಿ.ವಿ.ಯೇ ಇರಲಿಲ್ಲ. ಅದರ ಬದಲು ಬೆಂಗಳೂರಿನಿಂದ ಒಂದು ಹಳೆಯ ಆಸಿಲೇಟರ್ ಹುಡುಕಿ ತಂದೆ. ಕಾಲೇಜು ಪ್ರಯೋಗಾಲಯದಲ್ಲಿ ಇರುತ್ತದಲ್ಲ, ಅಂಥದು: ಮುಂದೆ ದೊಡ್ಡ ತಿರುಗಣೆ, ತಿರುಗಿಸಿದರೆ ಒಂದೇ ಸ್ವರ ಏರುತ್ತ ಇಳಿಯುತ್ತ ಹೋಗುತ್ತದೆ. ಹಾಡು ನುಡಿಸಲು ಬರುವುದಿಲ್ಲ. ಕೆರೆಗೆ ಅದೇ ಸರಿ ಅನ್ನಿಸಿತು.

ಕೆಲಸದ ರೀತಿ ಸರಳ. ಒಂದು ರೆಕಾರ್ಡರಿನಲ್ಲಿ ಹಿಂದಿನ ದಿನದ ಸ್ವರ ಹಾಕಿ, ಜೊತೆಗೆ ಆಸಿಲೇಟರಿನ ಹೊಸ ಸ್ವರ ಬಿಟ್ಟು, ಎರಡನ್ನೂ ಮೈಕಿನ ಮುಂದೆ ಕೇಳಿಸಿ, ಶಾಲೆಯಿಂದ ಎರವಲು ತಂದ ಇನ್ನೊಂದು ರೆಕಾರ್ಡರಿಗೆ ಹಿಡಿಯುವುದು. ಹೀಗೆ ಪದರದ ಮೇಲೆ ಪದರ. ಪ್ರತಿ ಪದರದಲ್ಲೂ ಕೋಣೆಯ ಸಣ್ಣಪುಟ್ಟ ಸದ್ದೆಲ್ಲ ಸೇರಿ ದೊಡ್ಡದಾಗುತ್ತಿತ್ತು. ಶಾಲೆ ಬೆಳಿಗ್ಗೆಯ ಪಾಳಿ ಆದ್ದರಿಂದ ಮಧ್ಯಾಹ್ನ ಊಟವಾದ ಮೇಲೆ, ಕೇರಿಯೆಲ್ಲ ಮಲಗಿದ ಹೊತ್ತಿನಲ್ಲಿ ಕೂರುತ್ತಿದ್ದೆ.

ಕೆಲವು ಪದರಗಳಾದ ಮೇಲೆ ಟೇಪಿನಲ್ಲಿ ಒಂದು ವಿಚಿತ್ರ ಕಂಡಿತು. ನಾನು ಆಸಿಲೇಟರ್ ಆರಿಸಿದ ಮೇಲೂ ಸ್ವರ ಸ್ವಲ್ಪ ಹೊತ್ತು ನಿಲ್ಲುತ್ತಿರಲಿಲ್ಲ. ತೀರ ತೆಳ್ಳಗೆ, ಕೆಳಗೆಲ್ಲೋ, ಮುಂದುವರಿಯುತ್ತಿತ್ತು.

ಕರೆಂಟಿನ ಗುಂಯ್ ಇರಬೇಕೆಂದು ಅರ್ಥಿಂಗ್ ಸರಿಮಾಡಿಸಿದೆ. ಹೋಗಲಿಲ್ಲ. ಮೈಕಿನದೇ ದೋಷ ಎಂದು, ದನಿ ಮರುಕಳಿಸುವ ಎಕೋ ಪೆಟ್ಟಿಗೆಗೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಒಳ್ಳೆಯ ಮೈಕ್ ತಂದೆ. ಸದ್ದು ಇನ್ನೂ ಸ್ಪಷ್ಟವಾಯಿತು. ಟೇಪಿನ ಸುಯ್ಯೆನ್ನುವಿಕೆ ಕಡಿಮೆ ಮಾಡುವ ಡೆಕ್ ಶಿವಮೊಗ್ಗದಲ್ಲಿ ಸಿಕ್ಕಿತು. ಅದರಲ್ಲಿ ಹಿಡಿದು, ಇಯರ್‌ಫೋನ್ ಹಾಕಿ ಅದೇ ಜಾಗವನ್ನು ಎರಡೆರಡು ಸಲ ಕೇಳಿದೆ. ಆ ಸ್ವರ ನಡುವೆ ಕಡಿಯುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಅದು ಉಸಿರು ತೆಗೆದುಕೊಳ್ಳುತ್ತಿತ್ತು.

ಗಂಡನಿಗೆ ಕೇಳಿಸಿದೆ. ಅವರು ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಕೋಣೆಯ ನಾಲ್ಕೂ ಮೂಲೆ ನೋಡಿದರು.

"ನೀನೇ ಗುನುಗಿದ್ದೀಯೇನೋ."

"ಇಲ್ಲ ರೀ. ಬಾಯಿ ಬಿಟ್ಟಿಲ್ಲ."

ಮುಂದಿನ ಭಾನುವಾರ ಮಧ್ಯಾಹ್ನ ಇಬ್ಬರೂ ಸೇರಿ ನೋಡಿದೆವು. ಆಸಿಲೇಟರ್ ಹಾಕದೆ ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿದರೆ ಏನೂ ಇಲ್ಲ. ಹಾಕಿ ಆರಿಸಿದರೆ, ಇದೆ. ನಾವು ಕರೆದರೆ ಮಾತ್ರ ಬರುವಂತಿತ್ತು. ಇದನ್ನು ಯೋಚಿಸಿದ್ದು ನಾನು, ಬಾಯಿ ಬಿಟ್ಟು ಹೇಳಿದ್ದು ಅವರು. ಹೇಳಿದ ಮೇಲೆ ಇಬ್ಬರಿಗೂ ಆ ಕೋಣೆಯಲ್ಲಿ ಕೂರಲಾಗಲಿಲ್ಲ.

ಮಾರನೆಯ ದಿನ ಬ್ಯಾಂಕಿಗೆ ರಜೆ, ಗಂಡ ಮನೆಯಲ್ಲೇ ಇದ್ದರು. ಧೈರ್ಯ ಮಾಡಿ ಮೈಕನ್ನು ಬೇರೆ ಬೇರೆ ಕಡೆ ಇಟ್ಟು ನೋಡಿದೆ. ಕಿಟಕಿಯ ಹತ್ತಿರ ಇಟ್ಟಾಗ ಸದ್ದು ಕಡಿಮೆ. ಎರಡು ಮನೆಯ ನಡುಗೋಡೆಗೆ ತಾಗಿಸಿದಾಗ ಕಿವಿಯೊಳಗೇ ಯಾರೋ ಗುನುಗಿದ ಹಾಗೆ. ಎದ್ದು ಪಕ್ಕದ ಮನೆಗೆ ಹೋದೆ. ದರ್ಜಿಯ ಹೆಂಡತಿ ಗುಂಡಿ ಹೊಲಿಯುತ್ತ ಕೂತಿದ್ದಳು.

"ಹಿಂದಿನ ಕೋಣೇಲಿ ಯಾರಿರ್ತಾರೆ?" ಎಂದೆ.

"ಅತ್ತೆ ಒಬ್ರೇ, ಟೀಚರೇ. ಯಾಕೆ?"

"ಅವರು ಮಧ್ಯಾಹ್ನ ಏನಾದ್ರೂ ಹಾಡ್ಕೊಳ್ತಾರಾ?"

ಅವಳು ನನ್ನ ಮುಖವನ್ನೇ ನೋಡಿದಳು. "ಎಂತ ಹೇಳ್ತಿದ್ದೀರಿ! ಮಾವ ಹೋದ ಲಾಗಾಯ್ತು ಅವರ ಬಾಯಿಂದ ಒಂದು ಸ್ವರ ಹೊರಟಿಲ್ಲ. ನೀರು ಬೇಕಂದ್ರೂ ಕೈ ಸನ್ನೆ."

ಅವಳೇ ಒಳಗೆ ಕರೆದುಕೊಂಡು ಹೋದಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ಅಂಗೈ ಗೋಡೆಗೆ ತಾಗಿತ್ತು. ಆಸಿಲೇಟರ್ ಹಾಕಲು ಗಂಡನಿಗೆ ಗೋಡೆಯ ಮೇಲಿಂದ ಕೂಗಿ ಹೇಳಿದೆ. ಸ್ವರ ಹೆಂಚಿನ ಸಂದಿಯಿಂದ ಇಳಿದು ಬಂತು. ಅದನ್ನು ಈ ಬದಿಯಿಂದ ಕೇಳಿದ್ದು ಅದೇ ಮೊದಲು. ನಾನೇ ಮಾಡಿದ ಸದ್ದು, ಆದರೂ ಬೇರೆ ಯಾರದೋ ಅನ್ನಿಸಿತು. ಮುದುಕಿಯ ಇನ್ನೊಂದು ಕೈ ಚಾದರದ ಮೇಲೆ ಮೆಲ್ಲಗೆ ತೆರೆಯುತ್ತ ಮುಚ್ಚುತ್ತ ಏನನ್ನೋ ಒತ್ತತೊಡಗಿತು. ತುಟಿ ಅಲುಗಲಿಲ್ಲ. ಎದೆಯೊಳಗಿಂದ ಆ ಗುನುಗು ಎದ್ದಿತು. ಸ್ವರ ಯಂತ್ರದ್ದೇ ಆದ್ದರಿಂದ ಬಗ್ಗಿ ಕಿವಿಗೊಟ್ಟರೆ ಮಾತ್ರ ಬೇರೆಯಾಗಿ ತಿಳಿಯುತ್ತಿತ್ತು.

ಸೊಸೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. "ಶ್ರುತಿ ಒತ್ತೋದು ಅದು," ಎಂದಳು ಪಿಸುಮಾತಿನಲ್ಲಿ.

ಅವಳ ಮಾವ ಹರಿಕಥೆ ಮಾಡುತ್ತಿದ್ದವರಂತೆ. ಹೊಸನಗರದ ಕಡೆಯ ಹಳ್ಳಿಗಳು, ಹುಲಿಕಲ್ಲು ಘಾಟಿಯ ಕೆಳಗಿನ ಊರುಗಳು, ಎಲ್ಲ ಕಡೆ ಸುತ್ತಿದವರು. ಅವರ ಬೆನ್ನ ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತುತ್ತಿದ್ದವಳು ಈಕೆ. ಒಂದು ದಿನವೂ ಹಾಡಿದವಳಲ್ಲ.

ಸಂಜೆ ದರ್ಜಿ ಬಂದವನು ವಿಷಯ ಕೇಳಿ ಅಟ್ಟದಿಂದ ಅಪ್ಪನ ಶ್ರುತಿಪೆಟ್ಟಿಗೆ ಇಳಿಸಿದ. ನಮ್ಮ ಕೋಣೆಗೆ ತಂದು ಒತ್ತಿದ. ಆಸಿಲೇಟರಿನ ಸ್ವರಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ನಾನು ಕೀಬೋರ್ಡಿನಲ್ಲಿ ನೋಡಿದೆ. ಕೆರೆಗೆಂದು ನಾನು ಮೊದಲು ಆರಿಸಿಕೊಂಡಿದ್ದು ಬಿಳಿ ಮೂರು, ಅಂದರೆ ಮೂರನೆಯ ಬಿಳಿ ಮನೆಯ ಸ್ವರ. ಈಗ ಯಂತ್ರ ನಿಂತಿದ್ದು ಅದಕ್ಕಿಂತ ತಗ್ಗಿನ ಕಪ್ಪು ಒಂದರ ಮೇಲೆ. ದಿನಾ ಸ್ವರದಲ್ಲಿ ಏನೋ ಅಲೆ ಅಲೆಯಾಗಿ ನಡುಗುತ್ತಿತ್ತು. ಯಂತ್ರ ಬಿಸಿಯಾಗಿ ಜಾರುತ್ತಿದೆ ಎಂದುಕೊಂಡು, ನಡುಕ ನಿಲ್ಲುವವರೆಗೆ ತಿರುಗಣೆಯನ್ನು ಚೂರು ಚೂರೇ ಇಳಿಸುತ್ತ ಬಂದಿದ್ದೆ. ಅವಳು ದಿನಾ ನನ್ನ ಸ್ವರಕ್ಕಿಂತ ಚೂರು ಕೆಳಗೆ ಗುನುಗುತ್ತಿದ್ದಳು, ಎರಡು ಸ್ವರ ಒಂದಕ್ಕೊಂದು ತಾಗಿ ಹುಟ್ಟಿದ ನಡುಕ ಅದು. ನಾನು ಯಂತ್ರವನ್ನು ಸರಿಪಡಿಸುತ್ತಿರಲಿಲ್ಲ. ಗೋಡೆಯಾಚೆಯಿಂದ ಅವಳು ನನ್ನನ್ನು ತನ್ನ ಗಂಡನ ಶ್ರುತಿಗೆ ಎಳೆದುಕೊಂಡಿದ್ದಳು.

ಶ್ರುತಿಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟು ನೋಡಿದರು. ದೂಡಿದಳು. ಮುಖ ಗೋಡೆಗೆ ತಿರುಗಿಸಿದಳು. ಸ್ವರ ಅಲ್ಲಿಂದಲೇ ಬರಬೇಕಿತ್ತು.

ನಾಟಕ ಸಾಗರದಲ್ಲಿ ಆಯಿತು. ಕೆರೆ ಮಾತಾಡುವಾಗ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಮೇಷ್ಟ್ರು ಕೇಳಿದರು, "ಅದರೊಳಗೆ ಒಂದು ಹೆಣ್ಣುದನಿ ಇಟ್ಟಿದ್ದೀರಲ್ಲ, ಯಾರದ್ದು?" ನಮ್ಮ ಪಕ್ಕದ ಮನೆಯ ಅಜ್ಜಿಯದ್ದು ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಮರುವರ್ಷ ನನಗೆ ಹೊಸನಗರಕ್ಕೆ ವರ್ಗವಾಯಿತು. ಅಷ್ಟರವರೆಗೆ ದಿನಾ ಮಧ್ಯಾಹ್ನ ಸ್ವಲ್ಪ ಹೊತ್ತು ಆಸಿಲೇಟರ್ ಹಾಕುತ್ತಿದ್ದೆ. ಹೊರಡುವಾಗ ಅದನ್ನು ಸೊಸೆಯ ಕೈಗೆ ಕೊಟ್ಟೆ. ನಮ್ಮ ಭಾಗಕ್ಕೆ ಹೊಸ ಬಾಡಿಗೆಯವರು ಬಂದಿರಲಿಲ್ಲ. ಅವಳು ಮನೆಯೊಡೆಯರಿಂದ ಬೀಗದ ಕೈ ಕೇಳಿ ತಂದು, ಆ ಖಾಲಿ ಕೋಣೆಯಲ್ಲಿ ಕೂತು ಹಾಕುತ್ತಿದ್ದಳಂತೆ.

ಕೆಲವು ತಿಂಗಳ ಮೇಲೆ ದರ್ಜಿ, ಅವನ ಹೆಂಡತಿ ಇಬ್ಬರೂ ಹೊಸನಗರಕ್ಕೆ ಬಂದು ಯಂತ್ರ ವಾಪಸು ಕೊಟ್ಟರು. ಅಜ್ಜಿ ತೀರಿಕೊಂಡಿದ್ದರು. ಕಾಫಿ ಕುಡಿದು ಗಂಡಸರು ಜಗಲಿಗೆ ಹೋದ ಮೇಲೆ ಸೊಸೆ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು.

"ಅವತ್ತೂ ನಾನು ಆ ಕೋಣೇಲೇ ಇದ್ದೆ ಟೀಚರೇ. ಗೋಡೆಗೆ ಕಿವಿ ಇಟ್ಟಿದ್ದೆ. ಆರಿಸೋ ತನಕ ಅತ್ತೆ ಗುನುಗ್ತಾನೇ ಇದ್ರು. ಆರಿಸಿ ಈಚೆ ಬಂದು ಮುಟ್ಟಿ ನೋಡಿದ್ರೆ ಮೈ ಸೆಟೆದಿತ್ತು. ಪ್ರಾಣ ಹೋಗಿ ಎಷ್ಟೋ ಹೊತ್ತಾಗಿದೆ ಅಂದ್ರು ಡಾಕ್ಟ್ರು." ನನ್ನ ಕಡೆ ತಿರುಗಿ ಕೇಳಿದಳು, "ನಾನು ಕೇಳಿದ್ದು ಯಾರನ್ನ?"

ನಾನು ವಿಜ್ಞಾನದ ಟೀಚರು. ಗೋಡೆಯ ಕಂಪನ, ಕಿವಿಯ ಭ್ರಮೆ, ಏನಾದರೊಂದು ಹೇಳಬಹುದಿತ್ತು. ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಆ ವರ್ಷವೇ ಒಂದು ಮಿಕ್ಸರ್ ಕೊಂಡೆ. ಯಂತ್ರದಿಂದ ಯಂತ್ರಕ್ಕೆ ನೇರ ವಯರಿನಲ್ಲೇ ಸ್ವರ ಹೋಗುತ್ತದೆ, ಕೋಣೆಯಲ್ಲಿ ಮೈಕ್ ತೆರೆದಿಡಬೇಕಾಗಿಲ್ಲ. ಅದರಲ್ಲಿ ಮಾಡಿದ ಮೊದಲ ತುಣುಕನ್ನು ಗಂಡ ಪೂರ್ತಿ ಕೇಳಿದರು.

"ಶುದ್ಧವಾಗಿದೆ," ಎಂದರು. "ಆದ್ರೆ ಅಲ್ಲಿ ಯಾರೂ ಇಲ್ಲ ಅನ್ನಿಸ್ತದೆ."

"ಅದಕ್ಕೇ ಅಲ್ವಾ ತಗೊಂಡಿದ್ದು," ಎಂದೆ.