ಎಡಕ್ಕೆ ಎಳೆಯುವ ಹೊಸ ಸೈಕಲ್ಲು

ಹೊಲಿಗೆ ಅಂಗಡಿಯ ಟೇಪಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರಿನಿಂದ ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಬೆಳಿಗ್ಗೆ ಎದ್ದು ಕೊರಳಿಗೆ ಅಳತೆಯ ಟೇಪು ಏರಿಸಿದಳೆಂದರೆ ಅದು ಇಳಿಯುವುದು ಮಲಗುವ ಹೊತ್ತಿಗೇ. ಹೊಸ ಬಟ್ಟೆ ಹೊಲಿಯುವುದು ಅವಳ ಕಸುಬಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಅಣ್ಣನ ಪ್ಯಾಂಟನ್ನು ತಮ್ಮನ ಅಳತೆಗೆ ಇಳಿಸುವುದು, ಇಂಥ ಆಲ್ಟರೇಷನ್ ಕೆಲಸದಲ್ಲೇ ಅವಳ ಕೈ ಪಳಗಿತ್ತು. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದಿಷ್ಟು ಜಾಗ. ಅಲ್ಲಿ ಒಂದು ಮಿಷನ್ನು, ಒಂದು ಇಸ್ತ್ರಿ ಮೇಜು, ಒಬ್ಬ ಗಿರಾಕಿ ಹಿಡಿಸುತ್ತಿದ್ದರು. ಇನ್ನೊಬ್ಬರು ಬಂದರೆ ಬೀದಿಯಲ್ಲೇ ನಿಲ್ಲಬೇಕು.

ಮನುಷ್ಯರ ಮೈಯ ಬಗ್ಗೆ ಅವಳಿಗೊಂದು ಗಟ್ಟಿ ಅಭಿಪ್ರಾಯವಿತ್ತು: ಯಾರ ಮೈಯೂ ಸಮವಾಗಿಲ್ಲ. ಕೋಟು ತೊಟ್ಟು ಕನ್ನಡಿಯ ಮುಂದೆ ಬೀಗುವವನಿಗೂ ಒಂದು ಭುಜ ಇಳಿದೇ ಇರುತ್ತದೆ. ಅದನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಇಳಿದ ಕಡೆ ತೆಳ್ಳಗೆ ಹತ್ತಿ ತುಂಬಿ, ಒಳಗಿನಿಂದ ಹೊಲಿದು, ಇಸ್ತ್ರಿ ಹಾಕಿ ಕೈಗಿಡುವಳು. ಗಿರಾಕಿ ತನ್ನ ಮೈಕಟ್ಟನ್ನು ತಾನೇ ಮೆಚ್ಚಿಕೊಂಡು ಹೊರಡುವನು. ಈ ಜಾಣತನವೇ ಒಂದು ದಿನ ಅವಳನ್ನು ಪೇಚಿಗೆ ಸಿಕ್ಕಿಸಿತು.

ಹುಟ್ಟಿದಾಗಿನಿಂದ ಟೇಪಕ್ಕ ಹೊಸದು ಎಂಬುದನ್ನು ಕಂಡದ್ದು ಕಡಿಮೆ. ಅಕ್ಕಂದಿರ ಲಂಗ, ಚಿಕ್ಕಮ್ಮನ ಸ್ವೆಟರು, ಯಾರೋ ಮಾರಿಬಿಟ್ಟ ಮಿಷನ್ನು. ಸೈಕಲ್ಲು ಕಲಿತದ್ದೂ ಅಣ್ಣನ ಸೈಕಲ್ಲಿನ ಮೇಲೆ, ಅದೂ ಅವನು ಮಧ್ಯಾಹ್ನ ನಿದ್ದೆ ಹೊಡೆಯುವಾಗ ಕದ್ದು. ಈಗ ಆಸ್ಪತ್ರೆಯ ಪರದೆ, ನಿಲುವಂಗಿಗಳನ್ನು ರಿಪೇರಿ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಗಂಟು ಹೊತ್ತು ಬಸ್ಸು ಹತ್ತಿ ಇಳಿದು ಸೊಂಟ ಬಿದ್ದುಹೋಗುತ್ತಿತ್ತು. ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅವಳ ಗಂಡ ಒಂದು ದಿನ ಇದ್ದಕ್ಕಿದ್ದಂತೆ, "ಒಂದು ಸೈಕಲ್ ತಗೋಬಾರ್ದಾ? ಹೊಸದೇ ತಗೋ. ಹಳೇದು ತಂದು ಅದಕ್ಕೂ ತೇಪೆ ಹಾಕ್ತಾ ಕೂರ್ಬೇಡ" ಅಂದ.

ಕಡುಹಸಿರು ಬಣ್ಣದ್ದು, ಮುಂದೆ ಬುಟ್ಟಿ, ಹಿಂದೆ ಅಗಲವಾದ ಕ್ಯಾರಿಯರ್, ಫಳಫಳ ಹೊಳೆಯುವ ಬೆಲ್ಲು. ಅಂಗಡಿಯಿಂದ ಅದನ್ನು ತಳ್ಳಿಕೊಂಡೇ ಮನೆಗೆ ತಂದಳು. ಹೊಸ ಸೈಕಲ್ಲನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಅವಳಿಗಿರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಆ ರಾತ್ರಿ ಊಟದ ಕೋಣೆಯಲ್ಲೇ ಸೈಕಲ್ಲಿಗೆ ಜಾಗವಾಯಿತು, ಕುರ್ಚಿ ಹೊರಗೆ ಹೋಯಿತು.

ಮಾರನೆಯ ದಿನ ಹತ್ತಿ ಹೊರಟರೆ ಸೈಕಲ್ಲು ಎಡಕ್ಕೆ ಎಳೆಯಿತು. ಬಲಕ್ಕೆ ತಿರುಗಿಸಿದಳು, ಮತ್ತೆ ಎಡಕ್ಕೇ ಹೋಯಿತು. ಔಷಧಿ ಅಂಗಡಿಯ ಗೋಡೆಗೆ ಮೊಣಕೈ ತರಚಿಕೊಂಡು ಮನೆಗೆ ಬಂದಳು. ಬೇರೆ ಯಾರಾದರೂ ಆಗಿದ್ದರೆ ಸೈಕಲ್ಲನ್ನು ಬೈಯುತ್ತಿದ್ದರು. ನಮ್ಮ ಟೇಪಕ್ಕ ಹಾಗಲ್ಲವಲ್ಲ! ಹೊಚ್ಚ ಹೊಸ ವಸ್ತುವಿನಲ್ಲಿ ಐಬಿರುವುದುಂಟೇ, ಐಬು ಇರುವುದು ಮೈಯಲ್ಲೇ ಎಂದು ತೀರ್ಮಾನಿಸಿ, ಗಂಡನ ಕೈಗೆ ಟೇಪು ಕೊಟ್ಟು ಗೋಡೆಗೆ ಒರಗಿ ನಿಂತಳು.

"ಸೊಂಟದಿಂದ ಹಿಮ್ಮಡಿವರೆಗೆ ಅಳೀರಿ. ಎರಡೂ ಕಾಲು."

ಗಂಡ ಮಂಡಿಯೂರಿ ಅಳೆದ. "ಎಡಗಾಲು ಒಂದು ಎಳೆಯಷ್ಟು ಗಿಡ್ಡ ಇದ್ದ ಹಾಗಿದೆ ಕಣೇ. ಇಷ್ಟು ವರ್ಷ ನನಗೆ ಗೊತ್ತೇ ಇರ್ಲಿಲ್ಲ!"

"ಗೊತ್ತಿದ್ರೆ ಏನ್ರೀ ಮಾಡ್ತಿದ್ರಿ, ವಾಪಸ್ ಕೊಡ್ತಿದ್ರಾ?" ಎಂದು ನಕ್ಕಳು. ಒಳಗೆ ಮಾತ್ರ ಚುರುಕ್ಕೆಂದಿತು.

ಮತ್ತೇನು, ಕೈಗೆ ಸೂಜಿ ಬಂತು. ಸೀಟಿನ ಎಡಭಾಗಕ್ಕೆ ಹತ್ತಿಯ ದಿಂಬು ಹೊಲಿದಳು, ಎಡ ಚಪ್ಪಲಿಯ ಒಳಗೆ ದಪ್ಪ ಬಟ್ಟೆ ಕೂರಿಸಿದಳು. ಸೈಕಲ್ಲು ಆಗಲೂ ಎಡಕ್ಕೇ ಎಳೆಯಿತು. ಕೊನೆಗೆ ಮೈಯನ್ನು ಬಲಕ್ಕೆ ವಾಲಿಸಿ, ಯಾರೋ ಕಿವಿಯಲ್ಲಿ ಗುಟ್ಟು ಹೇಳುತ್ತಿರುವಂತೆ ಕತ್ತು ಸೊಟ್ಟ ಮಾಡಿಕೊಂಡು ಓಡಿಸುವುದನ್ನು ಕಲಿತಳು. ಸಂಜೆಯಾಗುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತಿತ್ತು. ಕೆಲವೇ ವಾರಗಳಲ್ಲಿ ಅವಳಿಗೆ ಸಾಕುಸಾಕಾಯಿತು. ಮತ್ತೆ ಬಸ್ಸೇ ಗತಿ, ಸೈಕಲ್ಲನ್ನು ಯಾರಿಗಾದರೂ ಮಾರಿಬಿಡುವುದು ಎಂದುಕೊಂಡಳು. ಬಸ್ಸಿಗಿಂತ ಅವಳಿಗೆ ನೋವಾದದ್ದು ಬೇರೆ ವಿಷಯ: ಬದುಕಿನಲ್ಲಿ ಒಂದೇ ಒಂದು ಹೊಸ ವಸ್ತು ಬಂದರೆ, ಅದಕ್ಕೆ ತಾನೇ ಹೊಂದುವುದಿಲ್ಲವಲ್ಲ ಎಂಬುದು. ಈ ಸಂಕಟವನ್ನು ಗಂಡನಿಗೂ ಹೇಳಲಿಲ್ಲ.

ಆ ಭಾನುವಾರ ನಾದಿನಿ ಬಂದಳು. ಅವಳು ಶೂ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಮಾತಿಗೆ ಮಾತು ಬಿಡದವಳಾದ್ದರಿಂದ ಮನೆಯವರೆಲ್ಲ ಅವಳನ್ನು ವಕೀಲಮ್ಮ ಎನ್ನುತ್ತಿದ್ದರು. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬರುತ್ತೇನೆಂದು ಸೈಕಲ್ಲು ಹತ್ತಿದವಳು ನೇರವಾಗಿ ಎಡಗಡೆಯ ಬೇಲಿಗೆ ಹೋಗಿ ನಿಂತಳು.

"ಅತ್ತಿಗೇ! ಇದೇನಿದು, ಸೈಕಲ್ಲಾ ಹಟಮಾರಿ ಕತ್ತೆನಾ?"

ಟೇಪಕ್ಕ ಗಾಬರಿಯಿಂದ ಓಡಿಬಂದಳು. "ನಿಂಗೂ ಎಡಗಾಲು ಗಿಡ್ಡನಾ?"

ಕಾಲಿನ ಕಥೆಯನ್ನೆಲ್ಲ ಕೇಳಿದ ನಾದಿನಿ ಬೇಲಿ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಸಿಟ್ಟು ಬಂತು. "ನಾಳೇನೇ ಅಂಗಡಿಗೆ ಹೋಗೋಣ. ತಗೊಂಡಾಗಿನಿಂದ್ಲೇ ಐಬಿದ್ರೆ ಅದು ಮಾರಿದವನ ತಲೆನೋವು ಅತ್ತಿಗೆ, ನಿಮ್ಮ ಕಾಲಿಂದಲ್ಲ. ರಿಪೇರಿ ಮಾಡಿಕೊಡ್ಬೇಕು, ಆಗದಿದ್ರೆ ಬದಲಾಯಿಸ್ಬೇಕು, ಅದೂ ಆಗದಿದ್ರೆ ದುಡ್ಡು ವಾಪಸ್. ಹೊಲಿಗೆ ಬಿಟ್ಟ ಶೂ ವಾಪಸ್ ತಗೊಳ್ಳೋದೇ ನನ್ನ ದಿನದ ಕೆಲಸ. ಬಿಲ್ ಇದೆಯಾ?"

ಬಿಲ್ಲು ಸೂಜಿ ಚುಚ್ಚುವ ದಿಂಬಿಗೆ ಗುಂಡುಸೂಜಿಯಿಂದ ಸಿಕ್ಕಿಕೊಂಡು ಭದ್ರವಾಗಿತ್ತು.

"ಜಗಳ ಆಗುತ್ತೇನೋ" ಅಂದಳು ಟೇಪಕ್ಕ ಮೆಲ್ಲಗೆ.

"ನಿಮ್ಮ ಹತ್ರ ಯಾರಾದ್ರೂ ಪ್ಯಾಂಟು ತಂದು ಒಂದು ಕಾಲು ಉದ್ದ ಆಗಿದೆ ಅಂದ್ರೆ ನೀವು ಜಗಳ ಆಡ್ತೀರಾ?"

"ಛೆ, ಬಿಚ್ಚಿ ಸರಿ ಮಾಡ್ಕೊಡ್ತೀನಿ."

"ಅಷ್ಟೇ ಮತ್ತೆ."

ಸೈಕಲ್ಲಿನ ಅಂಗಡಿಯಾತ ಕೆಟ್ಟವನೇನಲ್ಲ. ಮಾರುವಾಗ ಬಾಯಿ ತುಂಬ ಮಾತು, ಮಾರಿದ ಮೇಲೆ ಗುರುತೇ ಇಲ್ಲ, ಅಂಥ ಜಾತಿ. ಅವನ ತಲೆಯ ಮೇಲೆ 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಬೋರ್ಡು ತೂಗುತ್ತಿತ್ತು. ಅವನು ಮೊದಲು ಬೋರ್ಡು ತೋರಿಸಿದ. ಆಮೇಲೆ, "ಓಡಿಸೋ ರೀತೀಲಿ ಏನೋ ವ್ಯತ್ಯಾಸ ಇರ್ಬೇಕಮ್ಮ. ಕೆಲವರು ಕೂರೋದೇ ಹಾಗೆ" ಅಂದ.

ಒಂದು ತಿಂಗಳಿನಿಂದ ತನಗೆ ತಾನೇ ಹೇಳಿಕೊಂಡಿದ್ದ ಮಾತನ್ನು ಬೇರೆಯವನ ಬಾಯಲ್ಲಿ ಕೇಳಿದ್ದೇ ತಡ, ಟೇಪಕ್ಕನ ಮೈಯೆಲ್ಲ ಉರಿದುಹೋಯಿತು. ನಾದಿನಿ ಬಾಯಿ ತೆರೆಯುವ ಮೊದಲೇ ಅವಳೇ ಮುಂದೆ ಬಂದಳು.

"ನೋಡಿಪ್ಪಾ, ನಾನೂ ಅಂಗಡಿ ಇಟ್ಟವಳೇ. ನಾನು ಹೊಲಿದ ಕಾಲರು ಸೊಟ್ಟ ಆದ್ರೆ, ನಿಮ್ಮ ಕುತ್ತಿಗೇನೇ ಸೊಟ್ಟ ಅಂತ ಗಿರಾಕಿಗೆ ಹೇಳಲ್ಲ. ನೀವೇ ಹತ್ತಿ ಒಂದು ಸುತ್ತು ಹೋಗಿ ಬನ್ನಿ."

ಸುತ್ತಲೂ ಜನ ನೋಡುತ್ತಿದ್ದರು. ಅಂಗಡಿಯಾತ ಗತ್ತಿನಿಂದ ಹತ್ತಿದ, ಬಾಗಿಲಿನ ಎಡಕ್ಕೆ ಪೇರಿಸಿದ್ದ ಟೈರುಗಳ ನಡುವೆ ಹೋಗಿ ಕುಳಿತ. ಯಾರೋ ಕಿಸಕ್ಕೆಂದರು. ಮೈ ಕೊಡವಿಕೊಂಡು ಎದ್ದವನಿಗೆ ಸೀಟಿನ ದಿಂಬು ಕಣ್ಣಿಗೆ ಬಿತ್ತು.

"ಆಹಾ! ಸೀಟಿಗೆ ನೀವೇ ಕೈ ಹಾಕಿದ್ದೀರಿ. ಮಾಲಿಗೆ ಕೈ ಹಾಕಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ."

ನಾದಿನಿಯ ಮುಖವೂ ಒಂದು ಕ್ಷಣ ಪೆಚ್ಚಾಯಿತು. ಟೇಪಕ್ಕ ಸೀಟಿನ ಅಡಿಗೆ ಬೆರಳು ಹಾಕಿ ಒಂದು ದಾರದ ತುದಿ ಹುಡುಕಿ ಎಳೆದಳು. ಸರ್ರೆಂದು ಇಡೀ ದಾರ ಕೈಗೆ ಬಂತು, ದಿಂಬು ಕಳಚಿ ಬಿತ್ತು. ಸೀಟು ಅಂಗಡಿಯಿಂದ ಹೊರಟ ದಿನದಂತೆಯೇ ಇತ್ತು, ಸೂಜಿಯ ಒಂದು ತೂತೂ ಇರಲಿಲ್ಲ. ದಾರವನ್ನು ಅವಳು ಸೀಟಿಗೆ ಚುಚ್ಚಿರಲೇ ಇಲ್ಲ. ಅಡಿಯಿಂದ ಸುತ್ತಿ ಕಟ್ಟಿದ್ದಳು. ಇನ್ನೊಬ್ಬರ ಬಟ್ಟೆಗೆ ಕತ್ತರಿ ಹಾಕಬಾರದು, ಬೇಡವೆಂದರೆ ಬಿಚ್ಚಿಕೊಡುವ ಹಾಗಿರಬೇಕು ಎಂಬುದು ಅವಳ ಅಂಗಡಿಯ ಹಳೆಯ ಅಭ್ಯಾಸ. ತನ್ನದೇ ಸೈಕಲ್ಲಿಗೂ ಹಾಗೆಯೇ ಮಾಡಿದ್ದಳು. ಅದು ತನ್ನದೆಂದು ಅವಳಿಗಿನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲವೋ ಏನೋ.

ಅಷ್ಟರಲ್ಲಿ ಅಂಗಡಿಯ ಮೆಕ್ಯಾನಿಕ್ಕು ಮುಂದಿನ ಚಕ್ರ ಎತ್ತಿ ನೋಡಿ, "ಯಜಮಾನ್ರೇ, ಚಕ್ರ ಹಿಡಿಯೋ ಫೋರ್ಕೇ ತಿರುಚಿಕೊಂಡಿದೆ. ಕಂಪನಿಯಿಂದ ಬಂದಾಗ್ಲೇ ಹೀಗಿತ್ತು" ಅಂದ.

"ಕೇಳಿದ್ರಲ್ಲ?" ಅಂದಳು ನಾದಿನಿ. "ಆ ಬೋರ್ಡು ನಮ್ಮ ಅಂಗಡೀಲೂ ಇದೆ. ಐಬಿರೋ ಮಾಲಿಗೆ ಅದು ನಡೆಯಲ್ಲ. ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡೋಣ್ವಾ, ಅಥವಾ ನಾವೇ ನಾವೇ ಮುಗಿಸೋಣ್ವಾ?"

ಅಂಗಡಿಯಾತ ಟೈರುಗಳ ಕಡೆ ಒಮ್ಮೆ, ನೆರೆದ ಜನರ ಕಡೆ ಒಮ್ಮೆ ನೋಡಿದ. "ಫೋನ್ ಯಾಕಮ್ಮ? ತಪ್ಪು ನಮ್ದೇ. ಸುತ್ತಿಗೇಲಿ ತಟ್ಟಿ ಸರಿ ಮಾಡಿಸ್ಲಾ?"

"ಹೊಸದಕ್ಕೆ ತೇಪೆ ಬೇಡ" ಅಂದಳು ಟೇಪಕ್ಕ. ಹಾಗೆಂದದ್ದು ತಾನೇನಾ ಎಂದು ಅವಳಿಗೇ ಅಚ್ಚರಿಯಾಯಿತು. "ಹೊಸ ಸೈಕಲ್ಲೇ ಕೊಡಿ. ಇದೇ ಬಣ್ಣದ್ದು. ಆ ಬೆಲ್ಲು ಮಾತ್ರ ನಂದೇ ಇರ್ಲಿ, ಅದನ್ನ ದಿನಾ ಒರೆಸಿದ್ದೀನಿ."

ಒಳಗಿನಿಂದ ಅದೇ ಕಡುಹಸಿರಿನದು ಬಂತು. ಮೆಕ್ಯಾನಿಕ್ಕು ಬೆಲ್ಲು ಬದಲಾಯಿಸಿದ. ಈ ಸಲ ಟೇಪಕ್ಕ ತಳ್ಳಿಕೊಂಡು ಹೋಗಲಿಲ್ಲ. ಎಲ್ಲರೆದುರು ಅಲ್ಲೇ ಹತ್ತಿದಳು. ಹತ್ತಿದವಳು ಸೀದಾ ಬಲಕ್ಕೆ ಹೋಗಿ ಎದುರು ಅಂಗಡಿಯ ಕಟ್ಟೆಗೆ ತಾಗಿ ನಿಂತಳು.

ಅಂಗಡಿಯಾತ ತಲೆಯ ಮೇಲೆ ಕೈ ಹೊತ್ತ. "ಅಯ್ಯೋ, ಇದೂನಾ?"

ಟೇಪಕ್ಕ ಕಟ್ಟೆಯ ಮೇಲೆ ಕಾಲೂರಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ಇಲ್ಲಪ್ಪ, ಇದು ಚೆನ್ನಾಗಿದೆ. ವಾಲಿ ವಾಲಿ ನಂಗೇ ಅದು ರೂಢಿ ಆಗಿಬಿಟ್ಟಿದೆ."

ಚಪ್ಪಲಿಯೊಳಗಿನ ಬಟ್ಟೆಯನ್ನು ಕಿತ್ತು ಬುಟ್ಟಿಗೆ ಹಾಕಿಕೊಂಡಳು. ಬೆನ್ನು ನೆಟ್ಟಗೆ ಮಾಡಿ ಮತ್ತೆ ಹತ್ತಿದಳು. ಮೊದಲು ತುಸು ಬಲಕ್ಕೆ, ಆಮೇಲೆ ತುಸು ಎಡಕ್ಕೆ, ಔಷಧಿ ಅಂಗಡಿ ದಾಟುವ ಹೊತ್ತಿಗೆ ನೇರವಾಗಿ. ಹಿಂದೆ ಓಡೋಡಿ ಬರುತ್ತಿದ್ದ ನಾದಿನಿ, "ಅತ್ತಿಗೇ, ನಿಧಾನ!" ಎಂದು ಕೂಗುತ್ತಿದ್ದಳು. ಟೇಪಕ್ಕ ದಾರಿಯಲ್ಲಿ ಯಾರೂ ಅಡ್ಡ ಇಲ್ಲದಿದ್ದರೂ ಬೆಲ್ಲು ಬಾರಿಸಿದಳು.

ಅವಳ ಎಡಗಾಲು ಈಗಲೂ ಒಂದು ಎಳೆಯಷ್ಟು ಗಿಡ್ಡವೇ. ಸೈಕಲ್ಲಿಗೆ ಅದರಿಂದ ಏನೂ ತೊಂದರೆಯಾಗಿಲ್ಲ.