ಪ್ಲಂಬರನ ವಿಮಾನ ಉಸಿರು ಕಟ್ಟಿದ್ದು

ಪ್ಲಂಬರ್ ತೀರಿಕೊಂಡು ಎರಡು ತಿಂಗಳಾಯಿತು. ವಿಮಾನದಿಂದ ಬಿದ್ದನೇ ಎಂದು ಕೇಳುವವರು ಇನ್ನೂ ಇದ್ದಾರೆ. ಇಲ್ಲ, ನ್ಯುಮೋನಿಯಾ. ವಿಮಾನ ಮಾತ್ರ ಷೆಡ್ಡಿನಲ್ಲಿ ಗುಂಡುಕಲ್ಲಿನಂತಿದೆ.

ಊರಿನ ಅರ್ಧ ನಲ್ಲಿಗಳನ್ನು ಕೂರಿಸಿದವನು ನಲವತ್ತೈದನೇ ವಯಸ್ಸಿಗೆ ಅಂಚೆಯಲ್ಲಿ ನಕ್ಷೆ ತರಿಸಿಕೊಂಡು ಇಬ್ಬರು ಕೂರುವ ವಿಮಾನ ಕಟ್ಟಲು ಕುಳಿತ. ಒಂಬತ್ತು ವರ್ಷ ಹಿಡಿಯಿತು. ಅಷ್ಟು ಕಾಲವೂ ಎಡ ರೆಕ್ಕೆ ಮಲಗುವ ಕೋಣೆಯ ಗೋಡೆಗೆ ಒರಗಿತ್ತು. ಹೆಂಡತಿ ಅದರ ಮೇಲೆ ಟವೆಲ್ಲು ಒಣಹಾಕುತ್ತಿದ್ದಳು. "ಹಾರೋವರೆಗೂ ಏನಾದ್ರೂ ಕೆಲ್ಸಕ್ಕೆ ಬರ್ಲಿ" ಎನ್ನುವುದು ಅವಳ ವಾದ.

ಸರ್ಕಾರದ ಪರೀಕ್ಷಕರು ಎರಡು ಸಲ ಬಂದು ಸಹಿ ಹಾಕದೆ ಹೋದರು. ಮೊದಲ ಸಲ ಬೋಲ್ಟು ಗಿಡ್ಡ, ಎರಡನೇ ಸಲ ಪೆಟ್ರೋಲ್ ಟ್ಯಾಂಕು ಸೋರಿಕೆ. ಮೂರನೇ ಸಲಕ್ಕೆ ಮುಂಚೆ ಹೆಂಡತಿ ಅವನಿಂದ ಮಾತು ತೆಗೆದುಕೊಂಡಳು. ಈಗಲೂ ಸಹಿ ಬೀಳದಿದ್ದರೆ ವಿಮಾನ ಗುಜರಿಗೆ, ಷೆಡ್ಡು ಅವಳ ಹೊಲಿಗೆ ಯಂತ್ರಕ್ಕೆ. "ಆಗ್ಲಿ" ಎಂದುಬಿಟ್ಟ. ಆಮೇಲೆ ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ರೆಕ್ಕೆಗೊಂದರಂತೆ ಇದ್ದ ಅಲ್ಯೂಮಿನಿಯಂ ಟ್ಯಾಂಕುಗಳನ್ನು ಹೊರತೆಗೆದು, ಸಂದುಗಳಿಗೆಲ್ಲ ಅಂಟು ಮೆತ್ತಿ ಮತ್ತೆ ಕೂರಿಸಿದ. ಟ್ಯಾಂಕಿನ ನೆತ್ತಿಯಿಂದ ಬೆರಳುಗಾತ್ರದ ಗಾಳಿ ಕೊಳವೆ ಹೊರಟು ರೆಕ್ಕೆಯ ಹೊಟ್ಟೆಯಡಿ ಬಾಯಿ ತೆರೆಯುತ್ತದೆ. ಪೆಟ್ರೋಲು ಖಾಲಿಯಾದಷ್ಟೂ ಆ ದಾರಿಯಲ್ಲಿ ಗಾಳಿ ಒಳಗೆ ಬರಬೇಕು. ಬರದಿದ್ದರೆ ಪೆಟ್ರೋಲು ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಎಣ್ಣೆ ಡಬ್ಬ ಕೈಯಲ್ಲಿ ಹಿಡಿದು ಹೆಂಡತಿಗೆ ಈ ಪಾಠವನ್ನು ನೂರು ಸಲ ಮಾಡಿದ್ದ.

"ಡಬ್ಬಕ್ಕೆ ಎರಡು ತೂತು ಹೊಡೀಬೇಕು ಅಂತ ನಮ್ಮಮ್ಮ ಯಾವಾಗ್ಲೋ ಹೇಳ್ಕೊಟ್ಟಿದ್ದಾರೆ. ನೀವೇನ್ರೀ ಹೊಸದಾಗಿ ಹೇಳೋದು?"

ಸೋರಿಕೆ ಹಿಡಿಯಲು ಅವನದೊಂದು ಕ್ರಮವಿತ್ತು. ಕೊಳವೆಯ ಬಾಯಿಗೆ ಬಲೂನು ಕಟ್ಟಿ, ಸೈಕಲ್ ಪಂಪಿನಲ್ಲಿ ಟ್ಯಾಂಕಿಗೆ ಮೆತ್ತಗೆ ಗಾಳಿ ಹೊಡೆಯುವುದು. ಒಂದು ದಿನ ಬಲೂನು ಕುಗ್ಗದಿದ್ದರೆ ಟ್ಯಾಂಕು ಗಟ್ಟಿ. ಎರಡು ಕೆಂಪು ಬಲೂನುಗಳು, ವಿಮಾನಕ್ಕೇ ಹುಟ್ಟುಹಬ್ಬವೆಂಬಂತೆ, ದಿನವಿಡೀ ಉಬ್ಬಿಕೊಂಡೇ ಇದ್ದವು. ಗಾಳಿ ಬಿಟ್ಟು, ಬಲಗಡೆಯ ಬಲೂನು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕುವಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಪೈಪು ಒಡೆದಿದೆಯೆಂದು ಫೋನು ಬಂತು. ಸ್ಪ್ಯಾನರ್ ಹಿಡಿದು ಓಡಿದ. ಬಂದವನು ಸೀದಾ ಪೆಟ್ರೋಲು ತುಂಬಿಸಿದ.

ಮರುದಿನ ಪರೀಕ್ಷಕರು ಬಂದರು. ಎಡ ಟ್ಯಾಂಕಿನಿಂದ ಎಂಜಿನ್ ಇಪ್ಪತ್ತು ನಿಮಿಷ ಓಡಬೇಕು. ಏಳನೇ ನಿಮಿಷಕ್ಕೆ ಕೆಮ್ಮಿತು, ಎಂಟಕ್ಕೆ ನಿಂತೇಹೋಯಿತು. ಪ್ಲಂಬರ್ ಎಂಜಿನ್ನಿನ ಪಂಪು ಬಿಚ್ಚಿದ, ಪೆಟ್ರೋಲು ಸೋಸುವ ಜರಡಿ ಬಿಚ್ಚಿದ, ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚಿದ. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

"ಒಂದ್ನಿಮಿಷ ಸಾರ್."

"ಹೋದ್ಸಲನೂ ಒಂದ್ನಿಮಿಷ ಅಂದು ಮಧ್ಯಾಹ್ನ ಮಾಡಿದ್ರಿ."

ಟೀ ತಂದ ಹೆಂಡತಿ ಗೋಡೆ ನೋಡುತ್ತಾ ನಿಂತಳು. ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಯೊಳಗೆ ಷೆಡ್ಡು ಅವಳದು.

"ರೀ, ಮೊಳೇಲಿ ಒಂದೇ ಬಲೂನಿದೆ. ಇನ್ನೊಂದೆಲ್ಲಿ?"

"ಬಲೂನ್ ಆಡೋ ಹೊತ್ತೇನೇ ಇದು?"

"ಆಡಿದ್ದು ನೀವು."

ಪ್ಲಂಬರ್ ಎಡ ರೆಕ್ಕೆಯಡಿ ಅಂಗಾತ ಮಲಗಿ ನೋಡಿದ. ಟ್ಯಾಂಕು ಬಲೂನನ್ನು ಪೂರ್ತಿ ಕೊಳವೆಯೊಳಗೆ ಎಳೆದುಕೊಂಡಿತ್ತು, ದಾರ ಸುತ್ತಿದ ಅಂಚು ಮಾತ್ರ ಹೊರಗಿತ್ತು. ಕಿತ್ತ. ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು.

ಪರೀಕ್ಷಕರು ಆ ಕೆಂಪು ರಬ್ಬರನ್ನು ಪೆನ್ನಿನ ತುದಿಯಲ್ಲಿ ಎತ್ತಿ ನೋಡಿದರು. "ಕಾರಣ ಏನಂತ ಬರೀಲಿ? ಬಲೂನು ಅಂತ ಬರೆದ್ರೆ ಆಫೀಸಲ್ಲಿ ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ."

"ಪ್ಲಂಬರ್ ಅಂತ ಬರೀರಿ ಸಾರ್" ಎಂದಳು ಹೆಂಡತಿ.

ಬಿಚ್ಚಿದ್ದನ್ನೆಲ್ಲ ಕೂರಿಸಿದ ಮೇಲೆ ಎಂಜಿನ್ ಮತ್ತೆ ಶುರುವಾಯಿತು. ಇಪ್ಪತ್ತು ನಿಮಿಷ ಕಳೆದರೂ ಪರೀಕ್ಷಕರು ಸಾಕೆಂದು ಕೈ ಎತ್ತಲಿಲ್ಲ, ನಗು ತಡೆಯುವುದರಲ್ಲೇ ಇದ್ದರು. ಇಪ್ಪತ್ತಾರಕ್ಕೆ ಸಹಿ ಹಾಕಿದರು.

ಊರಾಚೆಯ ಬಯಲಿನಿಂದ ಮೊದಲು ಹಾರುವ ದಿನ ಅವಳು ಮಂಡಿನೋವಿನಲ್ಲೂ ಬಗ್ಗಿ, ಎರಡೂ ಕೊಳವೆಗೆ ಕಿರುಬೆರಳು ಹಾಕಿ ನೋಡಿ, "ಹೂಂ, ಹೋಗ್ಬನ್ನಿ" ಎಂದಳು. ಮುಂದಿನ ನಲವತ್ತು ಹಾರಾಟಗಳಲ್ಲೂ ಆ ಬೆರಳಾಗದೆ ಅವನು ಎಂಜಿನ್ ಮುಟ್ಟಲಿಲ್ಲ.

ಈಗ ಹೊಲಿಗೆ ಯಂತ್ರ ಷೆಡ್ಡಿಗೆ ಬಂದಿದೆ, ಎಡ ರೆಕ್ಕೆಯ ಕೆಳಗೆ. ಮೊನ್ನೆ ಅವಳು ಹೊಲಿಯುತ್ತಿದ್ದವಳು ಎದ್ದು ಬಗ್ಗಿ ಕೊಳವೆಗೆ ಬೆರಳು ಹಾಕಿದಳು. ಕಡಜ ಗೂಡು ಕಟ್ಟಿತ್ತು. "ಇವಕ್ಕೆ ಬೇರೆ ಜಾಗವೇ ಸಿಗ್ಲಿಲ್ವಾ" ಎಂದು ಗೊಣಗುತ್ತಾ, ದಬ್ಬಣದಿಂದ ಮಣ್ಣನ್ನೆಲ್ಲ ಕೆದಕಿ ತೆಗೆದಳು. ಬಲಗಡೆಯದನ್ನೂ ನೋಡಿದಳು.